ನೀವು ಬೆಟ್ಟದ ಮೇಲೆ, ಗಾಡಿ ಬುಡದಲ್ಲಿ: ಚಾರಣದ ದಿನ ಕಳ್ಳತನ ತಡೆಯುವುದು ಹೇಗೆ?

ಪೇಟೆಯಲ್ಲಿ ಗಾಡಿಗೆ ಕೈ ಹಾಕುವವನಿಗೆ ಒಂದು ಭಯ ಇದ್ದೇ ಇರುತ್ತದೆ. ಗಾಡಿಯವನು ಯಾವ ಗಳಿಗೆಯಲ್ಲಾದರೂ ಅಂಗಡಿಯಿಂದ ಹೊರಗೆ ಬರಬಹುದು. ಬೆಟ್ಟದ ಬುಡದಲ್ಲಿ ಆ ಭಯ ಇಲ್ಲ. ನಾಲ್ಕು ಜನ ಬೆನ್ನಿಗೆ ಬ್ಯಾಗು ಏರಿಸಿಕೊಂಡು ಕಾಡಿನ ದಾರಿ ಹಿಡಿದರು ಅಂದರೆ, ಇನ್ನು ನಾಲ್ಕೈದು ಗಂಟೆ ಈ ಕಡೆ ಬರುವುದಿಲ್ಲ ಅಂತ ನೋಡಿದವರಿಗೆಲ್ಲ ಗೊತ್ತು. ಕುಮಾರ ಪರ್ವತಕ್ಕೆ ಹೊರಟವರಾದರೆ ಇಡೀ ದಿನ ಬರುವುದಿಲ್ಲ. ಬೆಟ್ಟದ ಮೇಲೆ ಫೋನಿಗೆ ಸಿಗ್ನಲ್ ಸಿಗದಿದ್ದರೆ ಅವರಿಗೆ ಸುದ್ದಿ ಕೂಡ ಮುಟ್ಟುವುದಿಲ್ಲ.

ಹಾಗಾಗಿ ಚಾರಣದ ಜಾಗದಲ್ಲಿ ನಡೆಯುವ ಕಳ್ಳತನದ ಲೆಕ್ಕವೇ ಬೇರೆ. ಸಾಕಷ್ಟು ಹೊತ್ತು ಸಿಕ್ಕರೆ ಯಾವ ಬೀಗವಾದರೂ ತೆರೆಯುತ್ತದೆ. ಆ ಹೊತ್ತನ್ನು ನಾವು ಕೊಟ್ಟೇ ಕೊಡುತ್ತೇವೆ, ಬೇರೆ ದಾರಿ ಇಲ್ಲ. ಆದರೆ ಗಾಡಿಯಲ್ಲಿ ಏನಿದೆ, ಎಲ್ಲಿದೆ ಅನ್ನುವ ಸುಳಿವು ಕೊಡುವುದು, ಬಿಡುವುದು ನಮ್ಮ ಕೈಯಲ್ಲಿದೆ. ಈ ಲೇಖನದಲ್ಲಿ ನಾನು ಹೇಳುವುದೆಲ್ಲ ಹೆಚ್ಚುಕಡಿಮೆ ಇದೊಂದರ ಸುತ್ತಲೇ ಇದೆ.

ಮೊದಲು ಒಂದು ವಿಷಯ ಬೇರ್ಪಡಿಸಿಕೊಳ್ಳೋಣ. ಗಾಡಿಯನ್ನೇ ಹೊಡೆದುಕೊಂಡು ಹೋಗುವುದು ಒಂದು ಥರದ ಕಳ್ಳತನ. ಗಾಜು ಒಡೆದು ಒಳಗಿದ್ದದ್ದನ್ನು ಎತ್ತಿಕೊಂಡು ಹೋಗುವುದು ಇನ್ನೊಂದು. ಎರಡನ್ನೂ ತಡೆಯುವ ಉಪಾಯ ಒಂದೇ ಅಲ್ಲ. ಈಗಿನ ಕಾರುಗಳಲ್ಲಿ ಇಮೊಬಿಲೈಸರ್ ಇರುತ್ತದೆ. ಕೀ ಒಳಗಿನ ಸಣ್ಣ ಚಿಪ್ ಕೊಡುವ ಗುರುತು ಕಾರಿನ ಕಂಪ್ಯೂಟರಿಗೆ ಸರಿ ಅನಿಸದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಅದನ್ನು ಮೀರುವುದಕ್ಕೆ ಉಪಕರಣ ಬೇಕು, ತಿಳಿವಳಿಕೆ ಬೇಕು. ಗಾಜು ಒಡೆಯುವುದಕ್ಕೆ ಎರಡೂ ಬೇಡ. ಆದ್ದರಿಂದ ಬೆಟ್ಟದ ಬುಡದಲ್ಲಿ ಕಾರಿಗೆ ಗಾಜಿನ ಭಯ ಜಾಸ್ತಿ, ಬೈಕಿಗೆ ಇಡೀ ಗಾಡಿಯೇ ಹೋಗುವ ಭಯ ಜಾಸ್ತಿ.

ನಿಲ್ಲಿಸಿದ ಮೇಲಿನ ಹತ್ತು ನಿಮಿಷ

ಸ್ಕಂದಗಿರಿಯ ಬುಡದಲ್ಲಿ, ಕಳವಾರ ಗ್ರಾಮದ ಕಡೆ, ನಸುಕಿನಲ್ಲಿ ಒಂದಿಷ್ಟು ಹೊತ್ತು ಸುಮ್ನೆ ನಿಂತು ನೋಡಿ. ಸೂರ್ಯೋದಯ ನೋಡಬೇಕು ಅಂತ ಬೆಂಗಳೂರಿನಿಂದ ಕಾರು ಬರುತ್ತದೆ. ಸುತ್ತಲೂ ಕತ್ತಲೆ. ನಾಲ್ಕೂ ಬಾಗಿಲು ತೆರೆಯುತ್ತವೆ, ಒಳಗಿನ ಲೈಟು ಹತ್ತಿಕೊಳ್ಳುತ್ತದೆ. ಒಬ್ಬರು ಡಿಕ್ಕಿ ಎತ್ತಿ ಜಾಕೆಟ್ ಹುಡುಕುತ್ತಾರೆ. ಇನ್ನೊಬ್ಬರು ಸೀಟಿನ ಅಂಚಿನಲ್ಲಿ ಕೂತು ಚಪ್ಪಲಿ ಬಿಚ್ಚಿ ಶೂ ಹಾಕುತ್ತಾರೆ. ಹಿಂದಿನ ಸೀಟಿನಿಂದ ಲ್ಯಾಪ್‌ಟಾಪ್ ಬ್ಯಾಗು ಡಿಕ್ಕಿಗೆ ಹೋಗುತ್ತದೆ. ಪರ್ಸು ಡ್ಯಾಶ್‌ಬೋರ್ಡಿನ ಗೂಡಿಗೆ ಹೋಗುತ್ತದೆ. 'ಪರ್ಸು ಅಲ್ಲೇ ಇಡು, ಬೆಟ್ಟದ ಮೇಲೆ ಯಾಕೆ?' ಅನ್ನುವ ಮಾತು ಸುತ್ತಲಿನವರಿಗೂ ಕೇಳಿಸುತ್ತದೆ. ಆಮೇಲೆ ಬಾಗಿಲು ಹಾಕಿ, ಬೀಗ ಹಾಕಿ, ಟಾರ್ಚ್ ಹಿಡಿದು ಎಲ್ಲರೂ ಹೊರಡುತ್ತಾರೆ.

ಆ ಹತ್ತು ನಿಮಿಷದಲ್ಲಿ ಏನೇನು ಎಲ್ಲೆಲ್ಲಿಟ್ಟಿದ್ದಾರೆ ಅನ್ನುವುದು ಪೂರ್ತಿ ಬಯಲಾಯಿತು. ಕತ್ತಲಲ್ಲಿ ನಿಂತವನು ನಿಮಗೆ ಕಾಣಿಸುವುದಿಲ್ಲ. ಲೈಟು ಹತ್ತಿದ ಕಾರಿನ ಒಳಗಿರುವುದೆಲ್ಲ ಅವನಿಗೆ ಕಾಣಿಸುತ್ತದೆ. ಸಾಮಾನು ಡಿಕ್ಕಿಯಲ್ಲಿದ್ದರೆ ಭದ್ರ ಅಂತ ನಾವು ಅಂದುಕೊಳ್ಳುತ್ತೇವೆ. ಅದನ್ನು ಡಿಕ್ಕಿಗೆ ಇಡುವುದನ್ನು ಯಾರೂ ನೋಡದಿದ್ದರೆ ಮಾತ್ರ ಆ ಮಾತು ಒಂದಿಷ್ಟು ನಿಜ. ಅದರಲ್ಲೂ ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಡಿಕ್ಕಿಗೂ ಹಿಂದಿನ ಸೀಟಿಗೂ ನಡುವೆ ಇರುವುದು ಒಂದು ತೆಳು ಹಲಗೆ. ಗಾಜು ಒಡೆದು ಕೈ ಹಾಕಿದರೆ ಸಾಕು.

ಪರಿಹಾರ ಸುಲಭ, ಆದರೆ ಅಭ್ಯಾಸ ಬೇಕು. ಬೆಟ್ಟಕ್ಕೆ ಇನ್ನೂ ಐದಾರು ಕಿಲೋಮೀಟರ್ ಇರುವಾಗಲೇ, ಚಹಾಕ್ಕೋ ತಿಂಡಿಗೋ ನಿಂತ ಜಾಗದಲ್ಲಿ, ಎಲ್ಲವನ್ನೂ ಮುಗಿಸಿಬಿಡಿ. ಶೂ ಅಲ್ಲೇ ಹಾಕಿಕೊಳ್ಳಿ. ಬೆಟ್ಟಕ್ಕೆ ಹೋಗುವ ಬ್ಯಾಗು ತೊಡೆಯ ಮೇಲಿರಲಿ, ಕಾರಿನಲ್ಲಿ ಉಳಿಯುವ ಸಾಮಾನು ಆಗಲೇ ಡಿಕ್ಕಿಯ ತಳಕ್ಕೆ ಸೇರಿರಲಿ. ಪಾರ್ಕಿಂಗ್ ಜಾಗದಲ್ಲಿ ಇಳಿಯುವುದು, ಬೀಗ ಹಾಕುವುದು, ನಡೆಯುವುದು, ಇಷ್ಟೇ. ಅಲ್ಲಿಗೆ ಬಂದ ಮೇಲೆ ಡಿಕ್ಕಿ ತೆರೆಯಲೇಬೇಡಿ. ನನ್ನ ಪ್ರಕಾರ ದುಬಾರಿ ಬೀಗಗಳಿಗಿಂತ ಈ ಒಂದು ಅಭ್ಯಾಸದಿಂದ ಆಗುವ ಉಪಯೋಗ ಜಾಸ್ತಿ.

ಲ್ಯಾಪ್‌ಟಾಪ್, ಒಡವೆ, ಮೂಲ ದಾಖಲೆ ಇವೆಲ್ಲ ಮನೆಯಲ್ಲೇ ಇರಲಿ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ? ಆದರೆ ಶುಕ್ರವಾರ ಸಂಜೆ ಆಫೀಸಿನಿಂದಲೇ ನೇರ ಹೊರಡುವವರು ಬಹಳ ಜನ ಇದ್ದಾರೆ. ಅವರು ಲ್ಯಾಪ್‌ಟಾಪನ್ನು ಹೋಂಸ್ಟೇಯ ಕೋಣೆಯಲ್ಲಿ ಬೀಗ ಹಾಕಿಟ್ಟು ಹೋಗುವುದು ಒಳ್ಳೆಯದು. ಕಾರಿನ ಆರ್‌ಸಿ, ಡಿಎಲ್ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿದ್ದರೆ ಸಾಕು. 2018ರಲ್ಲೇ ಮೋಟಾರು ವಾಹನ ನಿಯಮ ತಿದ್ದಿ ಅದನ್ನು ಒಪ್ಪಿದ್ದಾರೆ. ಮೂಲ ಆರ್‌ಸಿ ಗಾಡಿಯಲ್ಲೇ ಇದ್ದು ಗಾಡಿ ಕಳುವಾದರೆ, ಅದನ್ನು ಮಾರುವವನಿಗೆ ಕೆಲಸ ಹಗುರಾಗುತ್ತದೆ.

ಒಳಗೆ ಏನೂ ಇಲ್ಲ ಅಂತ ಹೊರಗಿನಿಂದಲೇ ಕಾಣುವಂತಿದ್ದರೆ ಇನ್ನೂ ಒಳ್ಳೆಯದು. ಡ್ಯಾಶ್‌ಬೋರ್ಡಿನ ಗೂಡು ಖಾಲಿ ಮಾಡಿ ಅದರ ಮುಚ್ಚಳ ತೆರೆದೇ ಬಿಡಿ. ಫೋನ್ ಚಾರ್ಜರ್ ವೈರ್ ಕಿತ್ತು ಬ್ಯಾಗಿಗೆ ಹಾಕಿಕೊಳ್ಳಿ. ಫೋನ್ ಹಿಡಿಸುವ ಸ್ಟ್ಯಾಂಡ್ ಗಾಜಿನ ಮೇಲೆ ಬಿಟ್ಟ ದುಂಡನೆಯ ಕಲೆಯನ್ನೂ ಒರೆಸಿ. ಹಿಂದಿನ ಸೀಟಿನ ಮೇಲೆ ಟವೆಲ್ ಮುಚ್ಚಿ ಇಟ್ಟ ಬ್ಯಾಗು ಅಂತೂ ಕಳ್ಳನನ್ನು ಕೈಬೀಸಿ ಕರೆಯುತ್ತದೆ. ಅದರೊಳಗೆ ಹಳೆ ಬಟ್ಟೆ ಇದ್ದರೂ ಗಾಜು ಹೋಗುವುದು ನಿಮ್ಮದೇ.

ಬಾಡಿಗೆಗೆ ತಂದ ಸೆಲ್ಫ್ ಡ್ರೈವ್ ಗಾಡಿಯಾದರೆ ಒಂದು ಮಾತು. ಅದರ ಕಪ್ಪು ಪ್ಲೇಟ್, ಹಳದಿ ಅಕ್ಷರ ದೂರದಿಂದಲೇ ಕಾಣುತ್ತದೆ. ಬಂದವರು ಹೊರಗಿನವರು, ಜೊತೆಗೆ ಲಗೇಜು ಇದ್ದೇ ಇರುತ್ತದೆ ಅಂತ ಆ ಪ್ಲೇಟೇ ಹೇಳಿಬಿಡುತ್ತದೆ. ಅಂಥ ಕಾರಿನಲ್ಲಿ ಏನನ್ನೂ ಬಿಟ್ಟು ಹೋಗಬೇಡಿ.

ಗಾಜು, ರಿಮೋಟು, ಕೀ

ಮುಂದಿನ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಒಡೆದರೂ ಉದುರುವುದಿಲ್ಲ. ಬಾಗಿಲಿನ ಗಾಜು ಸಾಮಾನ್ಯವಾಗಿ ಹಾಗಲ್ಲ. ಅದನ್ನು ಬಿಸಿ ಮಾಡಿ ಬೇಗ ತಣಿಸಿ ಗಟ್ಟಿ ಮಾಡಿರುತ್ತಾರೆ. ಅಂಗೈಯಿಂದ ಗುದ್ದಿದರೆ ಜಗ್ಗುವುದಿಲ್ಲ. ಆದರೆ ಚೂಪಾದ ಗಟ್ಟಿ ವಸ್ತು ಒಂದು ಕಡೆ ತಾಗಿದರೆ ಇಡೀ ಗಾಜು ಒಮ್ಮೆಲೇ ಸಣ್ಣ ಸಣ್ಣ ಹರಳಾಗಿ ಸುರಿಯುತ್ತದೆ. ಅಪಘಾತದಲ್ಲಿ ಜನರಿಗೆ ಗಾಯ ಕಡಿಮೆ ಆಗಲಿ ಅಂತಲೇ ಹೀಗೆ ಮಾಡಿರುವುದು. ಕಳ್ಳನಿಗೆ ಅನುಕೂಲ ಆಗುವುದೂ ಅದೇ. ಅಲಾರ್ಮ್ ಕೂಗುತ್ತದೆ ಅಂತ ನಂಬಿ ಕೂರಬೇಡಿ. ಊರಿಂದ ದೂರದ ಜಾಗದಲ್ಲಿ ಅದನ್ನು ಕೇಳುವವರು ಯಾರಿರುತ್ತಾರೆ?

ರಿಮೋಟ್ ಒತ್ತಿ, ತಿರುಗಿ ನೋಡದೆ ನಡೆಯುವ ಅಭ್ಯಾಸವನ್ನೂ ಬಿಡಬೇಕು. ರಿಮೋಟು ಕಳಿಸುವ ರೇಡಿಯೋ ಸಂದೇಶವನ್ನು ಜಾಮರ್ ಅನ್ನುವ ಸಾಧನದಿಂದ ತಡೆಯಬಹುದು. ನೀವು ಗುಂಡಿ ಒತ್ತಿರುತ್ತೀರಿ, ಕಾರು ಲಾಕ್ ಆಗಿರುವುದಿಲ್ಲ. ಕೆಲವೊಮ್ಮೆ ಜಾಮರ್ ಇಲ್ಲದೆಯೂ ಒಂದು ಬಾಗಿಲು ಸರಿಯಾಗಿ ಕೂತಿರುವುದಿಲ್ಲ. ಲೈಟು ಮಿನುಗಿತಾ ನೋಡಿ. ಆಮೇಲೆ ಒಂದೊಂದು ಬಾಗಿಲಿನ ಹಿಡಿಯನ್ನೂ ಎಳೆದು ನೋಡಿ, ಡಿಕ್ಕಿಯನ್ನೂ ಬಿಡಬೇಡಿ. ಅರ್ಧ ನಿಮಿಷದ ಕೆಲಸ.

ಕೀಲೆಸ್ ಕಾರು, ಅಂದರೆ ಕೀ ಜೇಬಿನಲ್ಲಿದ್ದರೆ ಸಾಕು ಬಾಗಿಲು ತೆರೆಯುವ ಕಾರು, ಇರುವವರು ರಿಲೇ ಅಟ್ಯಾಕ್ ಬಗ್ಗೆ ಕೇಳಿರಬಹುದು. ಕಾರು ಸದಾ ಸಣ್ಣ ದನಿಯಲ್ಲಿ 'ಕೀ ಹತ್ತಿರ ಇದೆಯಾ?' ಅಂತ ಕೇಳುತ್ತದೆ, ಕೀ 'ಇದ್ದೇನೆ' ಅನ್ನುತ್ತದೆ. ಈ ಮಾತುಕತೆ ಒಂದೆರಡು ಮೀಟರ್ ಒಳಗೆ ಮಾತ್ರ ನಡೆಯಬೇಕು. ಕಳ್ಳರು ಒಂದು ಪೆಟ್ಟಿಗೆಯನ್ನು ಕಾರಿನ ಹತ್ತಿರ, ಇನ್ನೊಂದನ್ನು ಕೀ ಇರುವ ಕಡೆ ಹಿಡಿದು ದನಿಯನ್ನು ದೂರ ದಾಟಿಸುತ್ತಾರೆ. ಕೀ ಪಕ್ಕದಲ್ಲೇ ಇದೆ ಅಂತ ಕಾರು ಮೋಸ ಹೋಗುತ್ತದೆ. ಕೀ ನಿಮ್ಮ ಜೇಬಿನಲ್ಲಿ ಬೆಟ್ಟದ ತುದಿಗೆ ಹೋಗಿದ್ದರೆ ಇದು ನಡೆಯುವುದಿಲ್ಲ, ದೂರ ಬಹಳ ಆಯಿತು. ಅಪಾಯ ಇರುವುದು ಕ್ಯಾಂಪಿಂಗ್ ರಾತ್ರಿಯಲ್ಲಿ. ಕಾರು ಟೆಂಟಿನ ಪಕ್ಕದಲ್ಲಿ, ಕೀ ನಿಮ್ಮ ತಲೆದಿಂಬಿನ ಹತ್ತಿರ. ರೇಡಿಯೋ ಅಲೆ ತಡೆಯುವ ಲೋಹದ ಪದರದ ಚೀಲ ಸಿಗುತ್ತದೆ, ಕೀ ಅದರೊಳಗಿರಲಿ. ಕೆಲವು ಕಾರುಗಳಲ್ಲಿ ಕೀಲೆಸ್ ಸೌಲಭ್ಯವನ್ನೇ ಆಫ್ ಮಾಡಬಹುದು, ಮ್ಯಾನ್ಯುಯಲ್ ನೋಡಿ.

ಕೀಯನ್ನು ಟೈರಿನ ಮೇಲೆ, ಬಂಪರಿನ ಸಂದಿಯಲ್ಲಿ, ಕಲ್ಲಿನ ಕೆಳಗೆ ಅಡಗಿಸಿಡುವವರಿದ್ದಾರೆ. ಬೆಟ್ಟದಲ್ಲಿ ಕಳೆದುಹೋಗಬಹುದು ಅನ್ನುವ ಭಯ ಅವರದು. ಆ ಭಯ ನಿಜ, ಉಪಾಯ ಮಾತ್ರ ತಪ್ಪು. ನಾವು ಅಡಗಿಸುವ ಜಾಗಗಳು ಕಳ್ಳನಿಗೂ ಗೊತ್ತು. ಬ್ಯಾಗಿನ ಒಳಜೇಬಿನಲ್ಲಿ ಜಿಪ್ ಹಾಕಿ ಇಡಿ. ಎರಡನೇ ಕೀ ಇದ್ದರೆ ಅದು ಜೊತೆಗಾರರೊಬ್ಬರ ಬ್ಯಾಗಿನಲ್ಲಿರಲಿ. ಕಾರಿನ ಒಳಗೆ ಮಾತ್ರ ಬೇಡ. ಅದರ ಕಾರಣ ಇನ್ಶೂರೆನ್ಸ್ ವಿಷಯಕ್ಕೆ ಬಂದಾಗ ತಿಳಿಯುತ್ತದೆ.

ಬೈಕಿನವರ ಕಷ್ಟ ಬೇರೆ

ಹ್ಯಾಂಡಲ್ ಲಾಕ್ ಅಂದರೆ ಒಂದು ಸಣ್ಣ ಉಕ್ಕಿನ ಕಡ್ಡಿ ಒಂದು ತೂತಿನಲ್ಲಿ ಕೂರುವುದು, ಅಷ್ಟೇ. ಹ್ಯಾಂಡಲ್‌ಗೆ ಜೋರಾಗಿ ಬಲ ಬಿದ್ದರೆ ಅದು ಮುರಿಯುತ್ತದೆ. ಆಮೇಲೆ ಉಳಿಯುವುದು ಇಗ್ನಿಷನ್ ವೈರಿಂಗ್. ಇಮೊಬಿಲೈಸರ್ ಇಲ್ಲದ ಬೈಕುಗಳಲ್ಲಿ ಅದು ದೊಡ್ಡ ಅಡ್ಡಿ ಅಲ್ಲ. ಅದಕ್ಕಿಂತ ಸುಲಭದ ದಾರಿಯೂ ಇದೆ. ಬೈಕನ್ನು ಸ್ಟಾರ್ಟೇ ಮಾಡದೆ ಇಬ್ಬರು ಎತ್ತಿ ಗೂಡ್ಸ್ ಗಾಡಿಗೆ ಹಾಕಿಕೊಂಡು ಹೋಗುವುದು.

ಆದ್ದರಿಂದ ಬೈಕಿಗೆ ಎರಡು ಬೇರೆ ಬೇರೆ ಥರದ ಅಡ್ಡಿ ಬೇಕು. ಒಂದು, ಚಕ್ರ ತಿರುಗದಂತೆ ಮಾಡುವುದು. ಇನ್ನೊಂದು, ಎತ್ತಲು ಆಗದಂತೆ ಮಾಡುವುದು. ಬ್ರೇಕಿನ ಡಿಸ್ಕಿಗೆ ಹಾಕುವ ಡಿಸ್ಕ್ ಲಾಕ್ ಮೊದಲ ಕೆಲಸ ಮಾಡುತ್ತದೆ. ಆದರೆ ಲಾಕ್ ಹಾಕಿದ್ದು ಮರೆತು ಗಾಡಿ ಓಡಿಸಿದರೆ ಮುಂದಿನ ಚಕ್ರ ಸಿಕ್ಕಿಕೊಂಡು ಬೀಳುತ್ತೀರಿ. ಬೆಟ್ಟ ಇಳಿದು ಸುಸ್ತಾಗಿ ಬಂದಾಗ ಹೀಗೆ ಮರೆಯುವುದು ಸಹಜ. ಅದಕ್ಕೇ ಲಾಕಿನಿಂದ ಹ್ಯಾಂಡಲ್‌ವರೆಗೆ ಎದ್ದು ಕಾಣುವ ಬಣ್ಣದ ಒಂದು ವೈರ್ ಕಟ್ಟಿಕೊಳ್ಳಿ. ಎರಡನೇ ಕೆಲಸಕ್ಕೆ ದಪ್ಪ ಚೈನು ಬೇಕು. ಅದನ್ನು ಚಕ್ರಕ್ಕೆ ಮಾತ್ರ ಸುತ್ತಿದರೆ ಪ್ರಯೋಜನ ಕಡಿಮೆ. ಚಕ್ರ, ಫ್ರೇಮು, ಜೊತೆಗೆ ಕಂಬ ಅಥವಾ ಮರ, ಮೂರೂ ಸೇರಬೇಕು. ಗುಂಪಿನಲ್ಲಿ ಹೋದವರು ಎರಡು ಬೈಕನ್ನು ಎದುರುಬದುರು ನಿಲ್ಲಿಸಿ ಒಂದಕ್ಕೊಂದು ಕಟ್ಟಬಹುದು. ಚೈನು ನೆಲಕ್ಕೆ ತಾಗದ ಹಾಗೆ ಬಿಗಿಯಾಗಿರಲಿ. ನೆಲದ ಮೇಲೆ ಬಿದ್ದಿರುವ ಚೈನನ್ನು ಕಲ್ಲಿನ ಮೇಲಿಟ್ಟು ಹೊಡೆಯುವುದು ಸುಲಭ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟಾದರೆ ಗದ್ದದ ಭಾಗದ ಒಳಗಿಂದ ಅದೇ ಚೈನನ್ನು ತೂರಿಸಿ.

ಮೆಕ್ಯಾನಿಕ್ ಹತ್ತಿರ ಗುಟ್ಟಾದ ಸ್ವಿಚ್ ಒಂದನ್ನು ಹಾಕಿಸಿಕೊಳ್ಳುವುದೂ ಒಂದು ದಾರಿ. 2020ರ ಏಪ್ರಿಲ್‌ನಲ್ಲಿ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್‌6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಪೆಟ್ರೋಲನ್ನು ಎಂಜಿನ್‌ಗೆ ಕಳಿಸುವುದು ವಿದ್ಯುತ್ ಪಂಪು. ಆ ಪಂಪಿನ ಕರೆಂಟು ತಪ್ಪಿಸಿದರೆ ಬೈಕು ಸ್ವಲ್ಪವೇ ದೂರ ಹೋಗಿ ನಿಲ್ಲುತ್ತದೆ, ಇಲ್ಲವೇ ಸ್ಟಾರ್ಟೇ ಆಗುವುದಿಲ್ಲ. ವಾರಂಟಿ ಇರುವ ಬೈಕಾದರೆ ವೈರ್ ಕತ್ತರಿಸುವ ಮುಂಚೆ ಶೋರೂಮಿನಲ್ಲಿ ವಿಚಾರಿಸಿ.

ಇಷ್ಟೆಲ್ಲ ಮಾಡಿಯೂ ಕೀಯನ್ನು ಬೈಕಿನಲ್ಲೇ ಬಿಟ್ಟು ಹೋಗುವುದುಂಟು. ಸೀಟು ತೆಗೆದು ರೇನ್‌ಕೋಟ್ ಒಳಗಿಡುತ್ತೀರಿ, ಯಾರೋ ಫೋಟೋಗೆ ಕರೆಯುತ್ತಾರೆ, ಕೀ ಸೀಟಿನ ಲಾಕಿನಲ್ಲೇ ಉಳಿಯುತ್ತದೆ. ಹೊರಡುವ ಮುಂಚೆ ಕೀಯನ್ನು ಕೈಯಲ್ಲಿ ಹಿಡಿದು ಜೊತೆಯವರಿಗೆ ತೋರಿಸುವ ರೂಢಿ ಇಟ್ಟುಕೊಂಡರೆ ಇದು ತಪ್ಪುತ್ತದೆ.

ಎಲ್ಲಿ ನಿಲ್ಲಿಸಬೇಕು

ರಸ್ತೆ ಬದಿಯ ತಿರುವಿಗಿಂತ ಒಂದು ಮನೆಯ ಅಂಗಳ ಸಾವಿರ ಪಾಲು ಮೇಲು. ಕುದುರೆಮುಖಕ್ಕೆ ಹೋಗುವವರು ಮುಳ್ಳೋಡಿ, ಬಾಳೆಗಲ್ ಕಡೆಯ ಹೋಂಸ್ಟೇಗಳಲ್ಲಿ ಗಾಡಿ ಬಿಟ್ಟು ಹೋಗುತ್ತಾರೆ. ಹೋಂಸ್ಟೇ ಇಲ್ಲದ ಕಡೆಯೂ ಬೆಟ್ಟದ ಹತ್ತಿರದ ಮನೆಯಲ್ಲಿ 'ಅಕ್ಕಾ, ಗಾಡಿ ಇಲ್ಲಿ ನಿಲ್ಲಿಸ್ಲಾ? ಸಂಜೆ ಬರ್ತೀವಿ' ಅಂತ ಕೇಳಿದರೆ ಬೇಡ ಅನ್ನುವವರು ಕಡಿಮೆ. ಐವತ್ತೋ ನೂರೋ ಕೊಡಿ, ನಿಮ್ಮ ನಂಬರ್ ಬರೆದುಕೊಟ್ಟು ಹೋಗಿ. ಅಂಗಳದಲ್ಲಿ ಓಡಾಟ ಇರುತ್ತದೆ, ನಾಯಿ ಇರುತ್ತದೆ. ಹೊಸಬರು ಬಂದು ಗಾಡಿ ಮುಟ್ಟಿದರೆ ಕೇಳುವವರಿರುತ್ತಾರೆ. ಚಾರಣಕ್ಕೆ ಬಂದವರಿಂದ ಊರಿನವರಿಗೂ ನಾಲ್ಕು ಕಾಸು ಸಿಗಬೇಕು ಅನ್ನುವುದು ನನ್ನ ಅಭಿಪ್ರಾಯ. ಅರಣ್ಯ ಇಲಾಖೆಯ ಗೇಟ್ ಇರುವ ಕಡೆ ಗೇಟಿನ ಹತ್ತಿರವೇ ನಿಲ್ಲಿಸಿ.

ಅಂಥ ಜಾಗ ಸಿಗದಿದ್ದರೆ ಕಾರಿನ ಡಿಕ್ಕಿಯನ್ನು ಗೋಡೆಗೋ ಮರಕ್ಕೋ ತೀರಾ ಹತ್ತಿರ ತಂದು ನಿಲ್ಲಿಸಿ, ತೆರೆಯಲು ಜಾಗ ಇರದ ಹಾಗೆ.

ಕುಮಾರ ಪರ್ವತದ ವಿಷಯ ಸ್ವಲ್ಪ ಬೇರೆ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯಬೇಕು ಅನ್ನುವ ಆಸೆ ಇರುವವರ ಗಾಡಿ ಬೆಟ್ಟದ ಆ ಕಡೆ ಉಳಿದುಬಿಡುತ್ತದೆ. ಘಟ್ಟ ಸುತ್ತಿ ಹೋಗಿ ತರುವವರೆಗೂ ಅದು ಅನಾಥ. ಇಂಥ ಚಾರಣಕ್ಕೆ ಸ್ವಂತ ಗಾಡಿಯೇ ಬೇಡ. ಕುಕ್ಕೆಗೆ ಬಸ್ಸಿದೆ, ನೆಟ್ಟಣದಲ್ಲಿ ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣ ಇದೆ.

ಕಾಡಿನಲ್ಲಿ ಗಾಡಿಗೆ ಕೈ ಹಾಕುವವರು ಮನುಷ್ಯರು ಮಾತ್ರ ಅಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡಿಗರು ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋದಾಗ ಮೊದಲು ತಿಳಿಯುವ ನಿಯಮ ಇದು: ಕತ್ತಲಾದ ಮೇಲೆ ಕಾರಿನಲ್ಲಿ ತಿನ್ನುವ ಪದಾರ್ಥ ಇಡುವಂತಿಲ್ಲ. ಅಲ್ಲಿನ ಕರಡಿಗಳು ವಾಸನೆ ಹಿಡಿದು ಬಂದು ಕಾರಿನ ಬಾಗಿಲನ್ನೇ ಬಗ್ಗಿಸುತ್ತವೆ. ಅದಕ್ಕಾಗಿ ಲೋಹದ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ. ನಮ್ಮಲ್ಲಿ ಆ ಕೆಲಸ ಕೋತಿಗಳದ್ದು. ನಂದಿಬೆಟ್ಟದಂಥ ಕಡೆ ಬೈಕಿನ ಸೈಡ್ ಬ್ಯಾಗಿನಲ್ಲಿ ಬಾಳೆಹಣ್ಣು, ಬಿಸ್ಕತ್ತು ಬಿಟ್ಟರೆ ಜಿಪ್ ಉಳಿಯುವುದಿಲ್ಲ.

ಜಿಪಿಎಸ್ ಬಗ್ಗೆ ಒಂದೆರಡು ಮಾತು

ಟ್ರ್ಯಾಕರ್ ಕಳ್ಳತನ ತಡೆಯುವುದಿಲ್ಲ, ಗಾಡಿ ಹುಡುಕಲು ನೆರವಾಗುತ್ತದೆ. ಅದು ಉಪಗ್ರಹದಿಂದ ತಾನಿರುವ ಜಾಗ ತಿಳಿದುಕೊಂಡು, ಮೊಬೈಲ್ ನೆಟ್‌ವರ್ಕ್ ಮೂಲಕ ನಿಮಗೆ ಕಳಿಸುತ್ತದೆ. ಘಟ್ಟದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಸುದ್ದಿ ಬರುವುದು ಗಾಡಿ ಪೇಟೆ ಮುಟ್ಟಿದ ಮೇಲೆ. ಏರ್‌ಟ್ಯಾಗ್ ಥರದ ಪುಟ್ಟ ಬಿಲ್ಲೆಗಳು ಹತ್ತಿರದಲ್ಲಿ ಓಡಾಡುವ ಫೋನುಗಳನ್ನು ನಂಬಿಕೊಂಡಿರುತ್ತವೆ, ಕಾಡಿನಲ್ಲಿ ಅವುಗಳ ಉಪಯೋಗ ಇನ್ನೂ ಕಡಿಮೆ. ಮೇಲಾಗಿ 'ನಿಮ್ಮ ಜೊತೆ ಯಾರದ್ದೋ ಟ್ಯಾಗ್ ಬರುತ್ತಿದೆ' ಅಂತ ಕಳ್ಳನ ಫೋನಿಗೂ ಸೂಚನೆ ಹೋಗಬಹುದು. ಹಾಕಿಸುವುದಾದರೆ ಬ್ಯಾಟರಿಗೆ ನೇರ ವೈರ್ ಕೊಟ್ಟ, ಕಣ್ಣಿಗೆ ಬೀಳದ ಜಿಪಿಎಸ್ ಹಾಕಿಸಿ.

ಕಳುವಾದ ಮೇಲೆ

ಇಲ್ಲಿ ಹೆಚ್ಚು ಜನ ಎಡವುವುದು ಇನ್ಶೂರೆನ್ಸ್ ವಿಷಯದಲ್ಲಿ. ಕಾನೂನು ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಇರುವ ವಿಮೆ. ಅದರಲ್ಲಿ ಕಳ್ಳತನಕ್ಕೆ ಒಂದು ಪೈಸೆಯೂ ಸಿಗುವುದಿಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ 5 ವರ್ಷ, ಹೊಸ ಕಾರಿಗೆ 3 ವರ್ಷ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಕಳ್ಳತನವನ್ನು ಒಳಗೊಂಡ ಓನ್ ಡ್ಯಾಮೇಜ್ ವಿಮೆ ಸಾಮಾನ್ಯವಾಗಿ ಒಂದೇ ವರ್ಷದ್ದು. ಪಾಲಿಸಿ ಹಾಳೆಯಲ್ಲಿ ಐದು ವರ್ಷದ ದಿನಾಂಕ ಕಂಡು 'ಇನ್ನೂ ಇನ್ಶೂರೆನ್ಸ್ ಇದೆ' ಅಂತ ಸುಮ್ಮನಿದ್ದವರಿಗೆ ಎರಡನೇ ವರ್ಷ ಬೈಕ್ ಕಳುವಾದಾಗ ಏನೂ ಸಿಗುವುದಿಲ್ಲ. ಮುಂದಿನ ಚಾರಣಕ್ಕೆ ಮುಂಚೆ ನಿಮ್ಮ ಪಾಲಿಸಿ ತೆಗೆದು ಈ ಎರಡು ದಿನಾಂಕಗಳನ್ನೂ ನೋಡಿ. ಸಿಗುವ ಮೊತ್ತ ಅದರಲ್ಲಿರುವ ಐಡಿವಿಯ (ವಿಮೆಗಾಗಿ ಗಾಡಿಗೆ ಕಟ್ಟಿದ ಬೆಲೆಯ) ಲೆಕ್ಕದಲ್ಲಿ, ಗಾಡಿ ಕೊಂಡ ಬೆಲೆಯ ಲೆಕ್ಕದಲ್ಲಲ್ಲ.

ಗಾಡಿ ಕಾಣದಿದ್ದರೆ ಮೊದಲು 112ಕ್ಕೆ ಫೋನ್ ಮಾಡಿ, ಆಮೇಲೆ ಆ ಜಾಗದ ಸ್ಟೇಷನ್ನಿಗೆ ಹೋಗಿ ಎಫ್‌ಐಆರ್ ಮಾಡಿಸಿ. ಯಾವ ಸ್ಟೇಷನ್ನಿನ ಸರಹದ್ದು ಅಂತ ಗೊಂದಲ ಆದರೆ ಹತ್ತಿರದ ಯಾವ ಸ್ಟೇಷನ್ನಿನಲ್ಲಾದರೂ ಜೀರೋ ಎಫ್‌ಐಆರ್ ಕೇಳಬಹುದು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಇದಕ್ಕೆ ಜಾಗ ಕೊಡುತ್ತದೆ. ಬೆಂಗಳೂರಿಗೆ ಹೋಗಿ ನೋಡೋಣ ಅಂತ ಮುಂದೂಡಬೇಡಿ. ಇನ್ಶೂರೆನ್ಸ್ ಕಂಪನಿಗೂ ಅದೇ ದಿನ ತಿಳಿಸಿ. ಎಫ್‌ಐಆರ್ ತಕ್ಷಣ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಅನ್ನುವುದೊಂದರಿಂದಲೇ ಕ್ಲೇಮ್ ತಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅದಿದ್ದರೂ ತಡ ಮಾಡದಿರುವುದೇ ಮೇಲು. ಪೊಲೀಸರು ಹುಡುಕಿ ಸಿಗದಿದ್ದಾಗ ಕೋರ್ಟಿಗೆ ಕೊಡುವ ಸಿ ರಿಪೋರ್ಟ್ ಬಂದ ಮೇಲೆ ಕ್ಲೇಮ್ ಮುಂದಕ್ಕೆ ಹೋಗುತ್ತದೆ.

ಕಂಪನಿಯವರು ಎರಡೂ ಮೂಲ ಕೀ ಕೇಳುತ್ತಾರೆ. ಒಂದು ಕೀ ಕಾರಿನ ಗೂಡಿನಲ್ಲಿತ್ತು ಅಂದರೆ, ನೀವೇ ಅಜಾಗರೂಕತೆ ಮಾಡಿದಿರಿ ಅನ್ನುವ ತಕರಾರು ಶುರುವಾಗುತ್ತದೆ. ಎರಡನೇ ಕೀ ಕಾರಿನೊಳಗೆ ಬೇಡ ಅಂದಿದ್ದು ಇದಕ್ಕೇ.

ಪಾರ್ಕಿಂಗ್ ಚೀಟಿಯನ್ನು ಬಿಸಾಡಬೇಡಿ. ಗಾಡಿ ಯಾವ ಜಾಗದಲ್ಲಿ, ಎಷ್ಟು ಹೊತ್ತಿಗೆ ಇತ್ತು ಅನ್ನುವುದಕ್ಕೆ ಅದು ಸಾಕ್ಷಿ. ಅದರ ಮೇಲೆ 'ಮಾಲೀಕರದ್ದೇ ಜವಾಬ್ದಾರಿ' ಅಂತ ಅಚ್ಚಾಗಿರುತ್ತದೆ. 1998ರಲ್ಲಿ ದೆಹಲಿಯ ಒಂದು ಹೋಟೆಲಿನಲ್ಲಿ ಸಿಬ್ಬಂದಿ ಕೈಗೆ ಕೀ ಕೊಟ್ಟು ಬಿಟ್ಟ ಕಾರು ಕಳುವಾಗಿತ್ತು. ಗಾಡಿಯನ್ನು ತಮ್ಮ ವಶಕ್ಕೆ ತೆಗೆದುಕೊಂಡವರು ನಿರ್ಲಕ್ಷ್ಯ ಮಾಡಿ, ಆ ಸಾಲನ್ನು ತೋರಿಸಿ ನುಣುಚಿಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿತು. ಬಯಲಿನಲ್ಲಿ ಚೀಟಿ ಹರಿದು ಹಣ ಇಸಿದುಕೊಳ್ಳುವ ಕಡೆ ಕೀ ನಿಮ್ಮ ಹತ್ತಿರವೇ ಇರುತ್ತದೆ, ಆದ್ದರಿಂದ ಆ ತೀರ್ಪು ಅಲ್ಲಿಗೆ ಹಾಗೇ ಹೊಂದುವುದಿಲ್ಲ.

ಬರೀ ಗಾಜು ಒಡೆದಿದ್ದರೆ, ಏನನ್ನೂ ಮುಟ್ಟುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಫೋನ್ ಹೋಗಿದ್ದರೆ ಕಂಪ್ಲೇಂಟ್ ಕೊಟ್ಟ ಮೇಲೆ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಅದನ್ನು ಬ್ಲಾಕ್ ಮಾಡಿಸಿ. ಕಾರಿನ ವಿಮೆ ಒಳಗಿದ್ದ ಬ್ಯಾಗು, ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಬರುವುದಿಲ್ಲ, ಅದಕ್ಕೆ ಬೇರೆ ಆಡ್-ಆನ್ (ಪಾಲಿಸಿಗೆ ಹೆಚ್ಚುವರಿಯಾಗಿ ಸೇರಿಸಿಕೊಳ್ಳುವ ರಕ್ಷಣೆ) ಬೇಕು. ಗಾಜಿಗೆ ಬರುತ್ತದೆ, ಗಾಜಿನ ಬೆಲೆಯಲ್ಲಿ ಸವಕಳಿಯನ್ನೂ ಕಳೆಯುವುದಿಲ್ಲ. ಆದರೆ ಕ್ಲೇಮ್ ಮಾಡುವ ಮುಂಚೆ ಒಂದು ಲೆಕ್ಕ ಹಾಕಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಮೊದಲ ವರ್ಷ ಶೇ 20, ಐದು ವರ್ಷಕ್ಕೆ ಶೇ 50. ಒಂದು ಕ್ಲೇಮ್ ಮಾಡಿದರೆ, ಅದನ್ನು ಕಾಪಾಡುವ ಆಡ್-ಆನ್ ಇಲ್ಲದಿದ್ದಲ್ಲಿ, ಅದು ಸೊನ್ನೆಗೆ ಇಳಿಯುತ್ತದೆ. ಗ್ಯಾರೇಜಿನಲ್ಲಿ ಬಾಗಿಲಿನ ಗಾಜಿನ ಬೆಲೆ ಕೇಳಿ, ನಿಮ್ಮ ರಿಯಾಯಿತಿ ಎಷ್ಟು ರೂಪಾಯಿ ಅಂತ ಪಾಲಿಸಿಯಲ್ಲಿ ನೋಡಿ. ಸಣ್ಣ ಕಾರುಗಳಲ್ಲಿ ಬಹಳ ಸಲ ಕೈಯಿಂದ ಹಣ ಕೊಟ್ಟು ಗಾಜು ಹಾಕಿಸುವುದೇ ಅಗ್ಗ.